ಅವ್ವನ ಥೈರಾಯ್ಡ್ ಕ್ಯಾನ್ಸರ್ ಮಕ್ಕಳಿಗೂ ಬರುತ್ತದೆಯೇ?

ಪ್ರಶ್ನೆ: ನಮ್ಮ ಅವ್ವನಿಗೆ ಕಲಬುರಗಿಯಲ್ಲಿ ಥೈರಾಯ್ಡ್ ಕ್ಯಾನ್ಸರಿನ ಆಪರೇಷನ್ ಆಗಿದೆ. ರಿಪೋರ್ಟಿನಲ್ಲಿ ಜೀನ್ ದೋಷ ಎಂದು ಬರೆದಿದ್ದಾರೆ. ನಾವು ಮೂವರು ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕೇ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಜೀನ್ ಎಂಬ ಪದ ಕಂಡೊಡನೆ ವಂಶದ ಕಾಯಿಲೆ ಎಂದು ಮನೆಮಂದಿಯೆಲ್ಲ ಹೆದರುವುದು ಸಹಜ, ಆದರೆ ಜೀನ್ ದೋಷಗಳೆಲ್ಲ ಹೆತ್ತವರಿಂದ ಬಂದವಲ್ಲ. ಮೊದಲು ಅವ್ವನ ಫೈಲಿನಲ್ಲಿರುವ ಬಯಾಪ್ಸಿ ರಿಪೋರ್ಟಿನಲ್ಲಿ ಕ್ಯಾನ್ಸರಿನ ಬಗೆ ಯಾವುದೆಂದು ನೋಡಿ. ಅಲ್ಲಿ ಪ್ಯಾಪಿಲರಿ ಎಂದಿದೆಯೇ, ಮೆಡುಲ್ಲರಿ ಎಂದಿದೆಯೇ ಎಂಬುದರ ಮೇಲೆಯೇ ನಿಮ್ಮ ಉತ್ತರ ನಿಂತಿದೆ.

ಹೆಚ್ಚಿನವರಲ್ಲಿ ಕಾಣುವುದು ಪ್ಯಾಪಿಲರಿ. ಇದರಲ್ಲಿ ಬಹಳ ಸಲ ಸಿಗುವ ದೋಷ ಬಿಆರ್‌ಎಎಫ್ ಜೀನಿನದು: ಅದರ ಡಿಎನ್‌ಎ ಬರಹದ 1799ನೆಯ ಅಕ್ಷರ 'ಟಿ' ಇರಬೇಕಾದಲ್ಲಿ 'ಎ' ಆಗಿರುತ್ತದೆ. ಅಷ್ಟರಿಂದಲೇ, ಬೇಕಾದಾಗ ಮಾತ್ರ 'ಬೆಳೆ' ಎಂದು ಸೂಚಿಸಬೇಕಾದ ಪ್ರೋಟೀನು ಬಿಡುವಿಲ್ಲದೆ ಅದನ್ನೇ ಸೂಚಿಸತೊಡಗುತ್ತದೆ. ಈ ಬದಲಾವಣೆ ಆಗುವುದು ಅವ್ವ ಹುಟ್ಟಿದ ಎಷ್ಟೋ ವರ್ಷಗಳ ಮೇಲೆ, ಥೈರಾಯ್ಡ್ ಗ್ರಂಥಿಯ ಒಂದು ಜೀವಕೋಶದಲ್ಲಿ. ಅಂಡಾಣುವಿನಲ್ಲಿ ಅದು ಇರುವುದಿಲ್ಲವಾದ್ದರಿಂದ ಮಕ್ಕಳಿಗೆ ದಾಟುವುದಿಲ್ಲ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ಬಳಿಕ ವಿಕಿರಣಶೀಲ ಅಯೋಡಿನ್ ಸೇರಿದ ಹಾಲು ಕುಡಿದ ಮಕ್ಕಳಲ್ಲಿ ಕಂಡ ಪ್ಯಾಪಿಲರಿ ಗಡ್ಡೆಗಳಲ್ಲಿ ಅನೇಕವುಗಳಲ್ಲಿ ಆರ್‌ಇಟಿ ಎಂಬ ಜೀನು ತುಂಡಾಗಿ ಬೇರೊಂದು ಜೀನಿಗೆ ಬೆಸೆದುಕೊಂಡಿತ್ತು. ಅದೂ ಆ ಮಕ್ಕಳ ಗ್ರಂಥಿಯಲ್ಲೇ ಆದದ್ದು, ಹೆತ್ತವರಿಂದ ಬಂದದ್ದಲ್ಲ. ರಕ್ತಸಂಬಂಧಿಗಳಲ್ಲಿ ಇನ್ನೊಬ್ಬರಿಗೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಮಾತ್ರ ವೈದ್ಯರಿಗೆ ತಪ್ಪದೆ ತಿಳಿಸಿ.

ಮೆಡುಲ್ಲರಿಯ ವಿಷಯ ಬೇರೆ. ಇದು ಹುಟ್ಟುವುದು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನು ತಯಾರಿಸುವ 'ಸಿ' ಜೀವಕೋಶಗಳಲ್ಲಿ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ವಂಶದಿಂದ ಬಂದಿರುತ್ತದೆ. ಕಾರಣ ಅದೇ ಆರ್‌ಇಟಿ ಜೀನು, ಆದರೆ ಈ ಬಾರಿ ದೋಷ ಹುಟ್ಟಿನಿಂದಲೇ ಮೈಯ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ. ಹೆಣ್ಣಾಗಲಿ ಗಂಡಾಗಲಿ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಆದ್ದರಿಂದ ಮೆಡುಲ್ಲರಿ ಎಂದು ಬಂದ ಪ್ರತಿಯೊಬ್ಬರ ರಕ್ತದಲ್ಲೂ, ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೂ, ಆರ್‌ಇಟಿ ಪರೀಕ್ಷೆ ಮಾಡಿಸಲೇಬೇಕು. ಗಡ್ಡೆಯ ತುಣುಕಿನ ಪರೀಕ್ಷೆಯೊಂದೇ ಇದಕ್ಕೆ ಸಾಲದು.

ಅವ್ವನ ರಕ್ತದಲ್ಲಿ ದೋಷ ಸಿಕ್ಕರೆ ನೀವು ಮೂವರೂ ಅದೇ ಪರೀಕ್ಷೆ ಮಾಡಿಸಿಕೊಳ್ಳಿ, ತಡಮಾಡಬೇಡಿ. ಕೆಲವು ಬಗೆಯ ಆರ್‌ಇಟಿ ದೋಷಗಳಲ್ಲಿ ಐದು ವರ್ಷ ತುಂಬುವ ಮೊದಲೇ ಮಗುವಿನ ಗ್ರಂಥಿ ತೆಗೆದು ಕ್ಯಾನ್ಸರ್ ಬಾರದಂತೆ ತಡೆಯುತ್ತಾರೆ. ನಿಮ್ಮಲ್ಲಿ ಯಾರಿಗೆ ಆ ದೋಷ ಇಲ್ಲವೋ, ಅವರಿಗೂ ಅವರ ಮಕ್ಕಳಿಗೂ ಮುಂದೆ ಈ ಪರೀಕ್ಷೆಯ ಅಗತ್ಯವಿಲ್ಲ.