ಪೋಸ್ಟಿಂಗ್ ದಿನದ ಸಮಯ, ಮುಂದಿನ ವೃತ್ತಿ: ನರ್ಸಿಂಗ್ ವಿದ್ಯಾರ್ಥಿಗಳಿಗೆ ಟಿಪ್ಪಣಿ

ಓದಿನ ಟೈಮ್‌ಟೇಬಲ್ ಹಾಕಿದ ವಾರದಲ್ಲೇ ಕೆಟ್ಟುಹೋಗುವುದಕ್ಕೆ ಸೋಮಾರಿತನ ಕಾರಣವಲ್ಲ. ತರಗತಿಯ ದಿನಕ್ಕೂ ಪೋಸ್ಟಿಂಗ್ ದಿನಕ್ಕೂ (ಆಸ್ಪತ್ರೆಯಂಥ ಕಡೆ ಕೆಲಸ ಕಲಿಯುವ ದಿನ) ಒಂದೇ ಲೆಕ್ಕ ಹಾಕುವುದೇ ತಪ್ಪು. ಆರೆಂಟು ಗಂಟೆ ವಾರ್ಡಿನಲ್ಲಿ ನಿಂತು ಬಂದ ಮೇಲೆ ಹೊಸ ಅಧ್ಯಾಯ ತಲೆಗೆ ಹತ್ತುವುದಿಲ್ಲ. ಅಂಥ ದಿನ ಮೊದಲ 30 ನಿಮಿಷ ಲಾಗ್‌ಬುಕ್ಕಿಗೆ (ಮಾಡಿದ ಕೆಲಸದ ದಾಖಲೆ), ಕೇರ್ ಪ್ಲಾನಿಗೆ (ರೋಗಿಯ ಆರೈಕೆಯ ಯೋಜನೆ) ಕೊಡಿ. ಆಮೇಲೆ ಅಂದು ಕಣ್ಣಾರೆ ಕಂಡ ಕಾಯಿಲೆಯನ್ನೇ 40 ನಿಮಿಷ ಓದಿ; ರೋಗಿಯ ಮುಖ ನೆನಪಿದ್ದಾಗ ಓದಿದ್ದು ಬೇಗ ಮರೆಯುವುದಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದರೆ ಮೊದಲು ನಿದ್ದೆ, ಓದು ಆಮೇಲೆ.

ವಾರ್ಡಿನೊಳಗೆ ಒಂದು ಹಾಳೆ ಸಾಕು. ಹ್ಯಾಂಡೋವರ್ (ಹಿಂದಿನ ಪಾಳಿಯವರು ಒಪ್ಪಿಸುವ ರೋಗಿಗಳ ವಿವರ) ಕೇಳುತ್ತಲೇ ಎಡಗಡೆ ಗಂಟೆ, ಮೇಲೆ ಬೆಡ್ ನಂಬರ್ ಬರೆದುಕೊಳ್ಳಿ. ರೋಗಿಯ ಹೆಸರು ಬೇಡ, ಹಾಳೆ ಆಸ್ಪತ್ರೆಯಿಂದ ಆಚೆ ಬರುವುದೂ ಬೇಡ. ಎಡವುವುದು ಇಲ್ಲಿ: 10 ಗಂಟೆಯ ಆಂಟಿಬಯೋಟಿಕ್‌ಗೆ '10' ಎಂದಷ್ಟೇ ಬರೆಯುತ್ತೇವೆ. ಆರ್ಡರ್ ನೋಡುವುದು, ಅಲರ್ಜಿ ಕೇಳುವುದು, ಡೈಲ್ಯೂಟ್ ಮಾಡುವುದು (ಔಷಧವನ್ನು ದ್ರವದಲ್ಲಿ ತೆಳುಗೊಳಿಸುವುದು), ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ) ಸರಿಯಿದೆಯೇ ಎಂದು ಪರೀಕ್ಷಿಸುವುದು ಲೆಕ್ಕಕ್ಕೇ ಬರುವುದಿಲ್ಲ. '9:40 ಸಿದ್ಧತೆ' ಎಂದು ಬರೆದುಕೊಂಡರೆ ಗಡಿಬಿಡಿ ತಪ್ಪುತ್ತದೆ. ಔಷಧದ ತಪ್ಪುಗಳು ನುಸುಳುವುದು ಇಂಥ ಗಡಿಬಿಡಿಯಲ್ಲೇ.

ದಿನಕ್ಕೆ 10 ನಿಮಿಷ ಡೋಸ್ ಲೆಕ್ಕಕ್ಕೆ ಮೀಸಲಿಡಿ. ಡ್ರಿಪ್‌ನಲ್ಲಿ 500 ಮಿಲಿ ದ್ರವ, 4 ಗಂಟೆ, ಮಿಲಿಗೆ 20 ಹನಿ ಬೀಳಿಸುವ ಸೆಟ್ (ಡ್ರಿಪ್‌ನ ಕೊಳವೆ) ಎಂದುಕೊಳ್ಳಿ. 500×20÷240, ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಗಂಟೆಯನ್ನು ನಿಮಿಷ ಮಾಡದೆ 4ರಿಂದಲೇ ಭಾಗಿಸಿದರೆ 2,500 ಬರುತ್ತದೆ! ಉತ್ತರ ನಂಬುವಂತಿದೆಯೇ ಎಂದು ನೋಡುವ ಅಭ್ಯಾಸವೂ ಈ ಹತ್ತು ನಿಮಿಷದಲ್ಲೇ ಬೆಳೆಯಬೇಕು.

ವೃತ್ತಿಯ ಯೋಚನೆಯನ್ನು ಕೊನೆಯ ವರ್ಷಕ್ಕೆ ತಳ್ಳಬೇಡಿ. ಪ್ರತಿ ಪೋಸ್ಟಿಂಗ್ ಮುಗಿದ ದಿನವೇ ಅರ್ಧ ಪುಟ ಬರೆದಿಡಿ: ಯಾವ ಕೆಲಸದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವುದು ಹಿಂಡಿಹಾಕಿತು? ಐಸಿಯು ಎಂದರೆ ಒಬ್ಬಿಬ್ಬರ ಮೇಲೆ ಎಡೆಬಿಡದ ನಿಗಾ. ಓಟಿಯಲ್ಲಿ (ಆಪರೇಷನ್ ಥಿಯೇಟರ್) ಶಿಸ್ತು ಹೆಚ್ಚು, ರೋಗಿಯೊಡನೆ ಮಾತು ಕಡಿಮೆ. ಸಮುದಾಯ ಆರೋಗ್ಯದಲ್ಲಿ ಮಾತೇ ಮುಖ್ಯ. ಒಬ್ಬ ಸೀನಿಯರ್ ಬೈದರೆಂದು ಇಡೀ ವಿಭಾಗವನ್ನೇ ಕೈಬಿಡುವವರಿದ್ದಾರೆ. ಕೆಲಸ ಬೇರೆ, ಅಲ್ಲಿನ ಜನ ಬೇರೆ ಎಂದು ಬಿಡಿಸಿ ಬರೆಯಿರಿ.

ವಿದೇಶಕ್ಕೆ ಹೋಗುವ ಇರಾದೆಯಿದ್ದರೆ ದಿನಾಂಕಗಳನ್ನು ಹಿಂದಿನಿಂದ ಎಣಿಸಿ. ಇಂಗ್ಲಿಷ್ ಭಾಷೆಯ ಪರೀಕ್ಷೆಯಾದ ಐಇಎಲ್‌ಟಿಎಸ್ ಅಂಕಗಳಿಗೆ ಸಾಮಾನ್ಯವಾಗಿ 2 ವರ್ಷವಷ್ಟೇ ಮಾನ್ಯತೆ. ನಾಲ್ಕು ವರ್ಷದ ಕೋರ್ಸಿನ ಎರಡನೇ ವರ್ಷದಲ್ಲೇ ಬರೆದು ಮುಗಿಸಿದರೆ, ಲೈಸೆನ್ಸ್ ಅರ್ಜಿಯ ಹೊತ್ತಿಗೆ ಮತ್ತೆ ಶುಲ್ಕ ಕಟ್ಟಿ ಬರೆಯಬೇಕಾಗುತ್ತದೆ. ಭಾಷೆಯ ಅಭ್ಯಾಸ ಮೊದಲ ವರ್ಷದಿಂದ ನಡೆಯಲಿ, ಪರೀಕ್ಷೆ ಕೊನೆಯ ವರ್ಷಕ್ಕಿರಲಿ.