ಕೌದಿಗೆ ಎರಡು ಹನಿ ನೀಲಗಿರಿ ಎಣ್ಣೆ: ಹಚ್ಚಬಹುದೇ?

ಪ್ರಶ್ನೆ: ನನ್ನ ಮೊಮ್ಮಗಗ ಒಂಬತ್ತು ತಿಂಗಳು. ಮಳಿ ಶುರು ಆದಾಗಿಂದ ಮೂಗು ಕಟ್ಟಿ ರಾತ್ರಿಯೆಲ್ಲಾ ಗೊರ್ ಗೊರ್ ಅಂತಾನ. ಊಟಿಯಿಂದ ತಂದ ನೀಲಗಿರಿ ಎಣ್ಣಿ ಐತಿ, ಕೌದಿಗೆ ಎರಡು ಹನಿ ಹಚ್ಚತೇನಿ ಅಂದ್ರ ಮಗಳು ಬ್ಯಾಡ ಅಂತಾಳ. ಅಕಿನ್ನೂ ಅಕಿ ತಮ್ಮನ್ನೂ ನಾ ಹಿಂಗ ಮಾಡೇ ಬೆಳಸೇನಿ. ಹಚ್ಚಿದ್ರ ಏನ್ ಆಗತೈತಿ?
(ಓದುಗರೊಬ್ಬರು, ಧಾರವಾಡ)

ಉತ್ತರ: ಈ ಜಗಳದಾಗ ಮಗಳದ್ದೇ ಸರಿ ಐತಿ, ಅಕ್ಕಾರ.

ಒಂಬತ್ತು ತಿಂಗಳ ಕೂಸಿನ ಕೌದಿ, ತೊಟ್ಟಿಲು, ಎದೆ, ಮೂಗು ಎಲ್ಲಿಗೂ ನೀಲಗಿರಿ ಎಣ್ಣೆ ಬೇಡ. ಎರಡು ವರ್ಷ ತುಂಬುವ ತನಕ ಕರ್ಪೂರ, ಮೆಂಥಾಲ್ ಹಾಕಿದ ಮುಲಾಮೂ ಬೇಡ. ವಿಕ್ಸ್ ಎರಡು ವರ್ಷದೊಳಗಿನ ಮಕ್ಕಳಿಗಲ್ಲ ಎಂಬುದು ಗೊತ್ತಿಲ್ಲದೆ ಕೂಸಿನ ಮೂಗಿನ ಕೆಳಗೆ ತಿಕ್ಕುವವರನ್ನು ಔಷಧ ಅಂಗಡಿಯ ಕೌಂಟರ್ ಹಿಂದೆ ನಿಂತು ನಾನು ಬೇಕಾದಷ್ಟು ಕಂಡಿದ್ದೇನೆ.

ನೀವು ಹಾಗೆ ಮಾಡಿಯೇ ಇಬ್ಬರನ್ನು ಬೆಳೆಸಿದಿರಿ, ಅವರಿಗೆ ಏನೂ ಆಗಲಿಲ್ಲ. ಹೆಚ್ಚಿನ ಮಕ್ಕಳಿಗೆ ಆಗುವುದೂ ಇಲ್ಲ. ಆದರೆ ಯಾವ ಕೂಸಿಗೆ ಆಗುತ್ತದೆ ಅಂತ ಮೊದಲೇ ಹೇಳುವುದಕ್ಕೆ ಬರುವುದಿಲ್ಲ, ಬದಲಿಗೆ ಸಿಗುವ ಲಾಭವೂ ಅಷ್ಟಕ್ಕಷ್ಟೇ. ಮೆಂಥಾಲ್ ಮೂಸಿದಾಗ ಮೂಗು ತೆರೆದ ಹಾಗೆ ಅನಿಸುತ್ತದಲ್ಲ, ಅದು ಮೂಗಿನೊಳಗಿನ ತಂಪು ಗುರುತಿಸುವ ನರಗಳು ಕೆರಳಿದ್ದರಿಂದ. ಅಳತೆ ಮಾಡಿ ನೋಡಿದರೆ ಮೂಗಿನಲ್ಲಿ ಗಾಳಿ ಓಡಾಡುವ ದಾರಿ ಮೊದಲಿನಷ್ಟೇ ಇರುತ್ತದೆ. ದೊಡ್ಡವರಿಗೆ ಅಷ್ಟು ಸಮಾಧಾನ ಸಾಕು. ಕೂಸಿನ ಕಥೆ ಬೇರೆ. ಅದು ಮೊದಲ ತಿಂಗಳುಗಳಲ್ಲಿ ಬಹುತೇಕ ಮೂಗಿನಿಂದಲೇ ಉಸಿರಾಡುತ್ತದೆ, ಶ್ವಾಸನಾಳ ತೀರ ಸಣ್ಣದು. ಘಾಟು ಮುಖಕ್ಕೆ ಬಡಿದಾಗ ಗಂಟಲು ಬಿಗಿದು ಉಸಿರು ಕಟ್ಟಿಬಿಡುವ ಅಪಾಯ ಇರುವುದರಿಂದಲೇ ವೈದ್ಯರು ಹೆದರುವುದು.

‘ಎಲೆಯದ್ದೇ ಎಣ್ಣೆ ಅಲ್ಲೇನ್ರಿ, ಕೆಮಿಕಲ್ ಏನೂ ಇಲ್ಲಲ್ಲ’ ಅನ್ನುವ ಮಾತು ದಿನಕ್ಕೊಮ್ಮೆಯಾದರೂ ಕೇಳುತ್ತೇನೆ. ಹಾವೇರಿಯ ಏಲಕ್ಕಿ ಹಾರ ಕೊರಳಿಗೆ ಬಿದ್ದಾಗ ಮೂಗಿಗೆ ಬರುವ ಕಂಪಿನಲ್ಲಿ ಮುಖ್ಯವಾದದ್ದು ಸಿನಿಯೋಲ್ ಎಂಬ ವಸ್ತು. ನೀಲಗಿರಿ ಎಣ್ಣೆಯ ಬಹುಪಾಲೂ ಅದೇ. ಹಾರ ಹಾಕಿಕೊಂಡವರಿಗೆ ಏನೂ ಆಗುವುದಿಲ್ಲ, ಚಹಾಕ್ಕೆ ಎರಡು ಏಲಕ್ಕಿ ಜಜ್ಜಿ ಹಾಕಿದರೂ ಆಗುವುದಿಲ್ಲ. ಆದರೆ ನೂರು ಗ್ರಾಂ ನೀಲಗಿರಿ ಎಲೆಯಲ್ಲಿ ಎಣ್ಣೆ ಇರುವುದು ಒಂದೆರಡು ಗ್ರಾಂ. ಒಂದು ಚಹಾ ಚಮಚ ಎಣ್ಣೆ ಅಂದರೆ ಕಾಲು ಕಿಲೋದಿಂದ ಅರ್ಧ ಕಿಲೋ ಎಲೆಯ ಸಾರ. ಇಂಥ ಎಣ್ಣೆಗೆ ಇಂಗ್ಲಿಷಿನಲ್ಲಿ ಎಸೆನ್ಷಿಯಲ್ ಆಯಿಲ್ ಅನ್ನುತ್ತಾರೆ, ಹಾಗಂದರೆ ‘ಅವಶ್ಯಕ’ ಎಣ್ಣೆ ಅಂತ ತಿಳಿದುಕೊಳ್ಳುವವರೂ ಇದ್ದಾರೆ. ಅದು ಎಸೆನ್ಸ್‌ನಿಂದ, ಅಂದರೆ ಸಾರದಿಂದ ಬಂದ ಹೆಸರು.

ನಂಬಿಕೆ ಬರದಿದ್ದರೆ ಕಿತ್ತಳೆ ಸಿಪ್ಪೆಯ ಎಣ್ಣೆಯನ್ನು ಥರ್ಮಾಕೋಲ್ ಮೇಲೆ ಒಂದು ಹನಿ ಬಿಟ್ಟು ನೋಡಿ. ಕಣ್ಣೆದುರಿಗೇ ಕರಗಿ ಗುಳಿ ಬೀಳುತ್ತದೆ. ಮೊಮ್ಮಗನ ತೊಡೆಯ ಚರ್ಮ ಥರ್ಮಾಕೋಲ್ ಅಲ್ಲ, ಒಪ್ಪಿದೆ. ಆದರೂ ನೀರು ಬೆರೆಸದ ಫಿನಾಯಿಲನ್ನು ಹೇಗೆ ಹಿಡಿಯುತ್ತೀರೋ ಅಷ್ಟು ಜೋಪಾನ ಈ ಬಾಟಲಿಗೂ ಬೇಕು.

ನಾನು ನಿಜವಾಗಿ ಹೆದರುವುದು ಕೌದಿಯ ಎರಡು ಹನಿಗಲ್ಲ, ಹನಿ ಹಾಕಿ ತೊಟ್ಟಿಲ ಪಕ್ಕದಲ್ಲೇ ಬಿಟ್ಟ ಬಾಟಲಿಗೆ. ಒಂಬತ್ತು ತಿಂಗಳ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೇ ಇಡುತ್ತದೆ. ಒಂದು ಚಮಚಕ್ಕಿಂತ ಕಡಿಮೆ ನೀಲಗಿರಿ ಎಣ್ಣೆ ಒಳಗೆ ಹೋಗಿ ಮಕ್ಕಳಿಗೆ ಎಚ್ಚರ ತಪ್ಪಿದ್ದು, ಫಿಟ್ಸ್ ಬಂದದ್ದು ವೈದ್ಯರ ದಾಖಲೆಗಳಲ್ಲಿದೆ. ಕರ್ಪೂರ ಇನ್ನೂ ಕೆಟ್ಟದ್ದು. ಒಂದು ಗ್ರಾಂ ಒಳಗೆ ಹೋದರೆ ಸಣ್ಣ ಮಗುವಿನ ಜೀವಕ್ಕೇ ಸಂಚಕಾರ, ಫಿಟ್ಸ್ ಕೆಲವೇ ನಿಮಿಷಗಳಲ್ಲಿ ಶುರುವಾಗಬಹುದು. ಆದ್ದರಿಂದ ತೊಟ್ಟಿಲಿಗೆ ಕಟ್ಟುವ ಕರ್ಪೂರದ ಗಂಟನ್ನೂ ಇವತ್ತೇ ಬಿಚ್ಚಿಬಿಡಿ. ಬಟ್ಟೆಯ ನಡುವೆ ಇಡುವ ಡಾಂಬರು ಗುಳಿಗೆಗಳಿದ್ದರೆ ಕೂಸಿನ ಬಟ್ಟೆಯಿಂದ ದೂರ ಇಡಿ, ಅದರದ್ದು ಬೇರೆಯದೇ ರಗಳೆ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಅವ್ವಗೆ ಕಣ್ಣಿನ ಆಪರೇಷನ್ ಆಗಿತ್ತು. ಹನಿ ಬಾಟಲಿ ದೇವರ ಮಾಡದ ಪಕ್ಕ, ಅಲ್ಲೇ ನೀಲಗಿರಿ ಎಣ್ಣೆಯೂ. ಎರಡೂ ಹೆಬ್ಬೆರಳಿನಷ್ಟು ಉದ್ದ. ಕರೆಂಟ್ ಹೋದ ಸಂಜೆ ಅವ್ವ ಎಣ್ಣೆಯ ಬಾಟಲಿ ಎತ್ತಿ, ಮುಚ್ಚಳ ತೆಗೆದು, ತಲೆ ಹಿಂದಕ್ಕೆ ವಾಲಿಸಿಯೇಬಿಟ್ಟಿದ್ದಳು. ಘಾಟು ಬಂದದ್ದಕ್ಕೆ ಕೈ ನಿಂತಿತು. ಔಷಧ ಮಾರುವವನ ಮನೆಯ ಕಥೆ ಇದು.

ಕೂಸು ಕುಡಿದೇಬಿಟ್ಟಿತು ಅಂದುಕೊಳ್ಳಿ: ಬಾಯಲ್ಲಿ ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ. ವಾಂತಿಯ ಜೊತೆ ಎಣ್ಣೆ ಪುಪ್ಪುಸಕ್ಕೆ ಇಳಿದರೆ ಒಂದು ತೊಂದರೆ ಎರಡಾಗುತ್ತದೆ. 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಗಲಿ, ಧಾರವಾಡದ ಜಿಲ್ಲಾ ಆಸ್ಪತ್ರೆಯಾಗಲಿ, ಹತ್ತಿರದ್ದಕ್ಕೆ ಓಡಿ. ಬಾಟಲಿಯನ್ನು ಮರೆಯದೆ ಒಯ್ಯಿರಿ, ಡಾಕ್ಟರು ಮೊದಲು ಕೇಳುವುದು ಅದನ್ನೇ. ದಿಲ್ಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರವಿದೆ, 1800 116 117. ಕಣ್ಣಿಗೆ ಸಿಡಿದರೆ ನಲ್ಲಿಯ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಈಗ ಆ ಗೊರ್ ಗೊರ್ ಸದ್ದಿಗೆ. ಔಷಧ ಅಂಗಡಿಯಲ್ಲಿ ಉಪ್ಪುನೀರಿನ ಮೂಗಿನ ಹನಿ ಕೇಳಿ, ಸಲೈನ್ ಅಂದರೆ ಕೊಡುತ್ತಾರೆ. ಹಾಲು ಕುಡಿಸುವ ಮೊದಲು ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಬಿಟ್ಟು, ಸಡಿಲಾದ ಸಿಂಬಳ ಒರೆಸಿ ತೆಗೆಯಿರಿ. ಎತ್ತಿಕೊಂಡು ನೆಟ್ಟಗೆ ಇಟ್ಟುಕೊಂಡರೂ ಅರ್ಧ ಆರಾಮ. ಕುದಿಯುವ ನೀರಿನ ಉಗಿ ಬೇಡ, ಪಾತ್ರೆ ಉರುಳಿ ಸುಟ್ಟುಕೊಂಡ ಮಕ್ಕಳು ಬಹಳ. ಎಣ್ಣೆ ನೀರು ಹಾಕಿದ ಮೇಲೆ ಅಗ್ಗಿಷ್ಟಿಗೆಯಲ್ಲಿ ಲೋಬಾನ, ಅಜವಾನ ಸುರಿದು ಹೊಗೆ ಹಾಕುವ ರೂಢಿ ನಮ್ಮ ಕಡೆ ಇದೆ. ಮೂಗು ಕಟ್ಟಿದ ಕೂಸಿಗೆ ಹೊಗೆಯಂತೂ ಮತ್ತಷ್ಟು ಹಿಂಸೆ. ಮೊಮ್ಮಗ ಮಲಗಿದ್ದಾಗ ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮೊಲೆ ಕಚ್ಚದಿದ್ದರೆ ಅದು ಬರೀ ನೆಗಡಿ ಅಂತ ಕೂಡಬೇಡಿ, ಆಗಿಂದಾಗಲೇ ಆಸ್ಪತ್ರೆ.

ಊಟಿಯ ಬಾಟಲಿಯನ್ನೇನು ಮಾಡಲಿ ಅಂತ ಕೇಳುತ್ತೀರಿ. ನಿಮ್ಮ ಮೊಣಕಾಲಿಗೆ ಬಳಸಿ. ಒಂದು ಚಹಾ ಚಮಚ, ಅಂದರೆ 5 ಮಿ.ಲೀ. ಕೊಬ್ಬರಿ ಎಣ್ಣೆಗೋ ಕುಸುಬಿ ಎಣ್ಣೆಗೋ ಒಂದೇ ಹನಿ. ನೂರಕ್ಕೆ ಒಂದು ಪಾಲಾಯಿತು, ಆಮೇಲೆ ಬೇಕಾದರೆ ಎರಡು. ನೀರಿಗೆ ಹಾಕಿದರೆ ಬೆರೆಯದೆ ಮೇಲೆ ತೇಲಿ ಹಸಿಯಾಗಿಯೇ ಮೈಗೆ ಹತ್ತುತ್ತದೆ. ಮೊದಲ ಸಲ ಮೊಳಕೈ ಒಳಬದಿಗೆ ಚೂರು ಹಚ್ಚಿ ಒಂದು ದಿನ ನೋಡಿ. ನಿಂಬೆ ಎಣ್ಣೆಯಾದರೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟಂತೆ ಕಪ್ಪಾಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ ಎಣ್ಣೆ ತರಲೇಬೇಡಿ, ಅದಕ್ಕೆ ವಿಷ. ಯಾರಿಗಾದರೂ ದಮ್ಮು ಇದ್ದರೆ ಎಣ್ಣೆಯ ಕಂಪನ್ನು ಗಾಳಿಗೆ ಹರಡುವ ಡಿಫ್ಯೂಸರ್ ಕೋಣೆಯಲ್ಲಿ ಬೇಡ.

ಬಾಟಲಿಯನ್ನು ಗ್ಯಾಸ್ ಒಲೆಯಿಂದ ದೂರ, ಬೀರುವಿನ ಮೇಲಿನ ಖಾನೆಯಲ್ಲಿ ಕೀಲಿ ಹಾಕಿ ಇಡಿ. ಮೊಣಕಾಲು ತಿಕ್ಕಿದ ಮೇಲೆ ಮೊಮ್ಮಗನನ್ನು ಎತ್ತಿಕೊಳ್ಳುವ ಮೊದಲು ಸಬಕಾರ ಹಚ್ಚಿ ಕೈ ತೊಳೆಯಿರಿ, ಅಕ್ಕಾರ. ಅವನು ಮೊದಲು ಚೀಪುವುದು ನಿಮ್ಮ ಬೆರಳನ್ನೇ.