ಗಣಿ ಯಂತ್ರದ ಶಾಫ್ಟ್‌ಗೆ ಫೋರ್ಜಿಂಗೇ ಏಕೆ ಬೇಕು?

ಪ್ರಶ್ನೆ: ಎಕ್ಸ್‌ಕವೇಟರ್, ಡೋಜರ್‌ಗಳ ಶಾಫ್ಟ್ ಮುರಿದರೆ ಫೋರ್ಜಿಂಗ್‌ನದೇ, ಅಂದರೆ ಕಾಯಿಸಿದ ಉಕ್ಕನ್ನು ಒತ್ತಿ ಮಾಡಿದ್ದೇ ತರಿಸಿ ಎನ್ನುತ್ತಾರೆ. ಅದೇ ಅಳತೆಗೆ ಎರಕ ಹೊಯ್ದರೆ ಅಥವಾ ಲೇತ್‌ನಲ್ಲಿ ಕಡೆಸಿದರೆ ಆಗದೇ?

ನೇರವಾದ ಪಿನ್ನನ್ನು ಕಡೆಸಬಹುದು. ಫ್ಲ್ಯಾಂಜ್ (ದಂಡದಿಂದ ಹೊರಚಾಚಿದ ಬಿಲ್ಲೆಯಂಥ ಅಗಲ ಅಂಚು) ಇರುವ ಶಾಫ್ಟ್ ಆದರೆ ದಯವಿಟ್ಟು ಬೇಡ.

ಕರಗಿದ ಉಕ್ಕು ಅಚ್ಚಿನಲ್ಲಿ ಆರುವಾಗ ಕುಗ್ಗುತ್ತದೆ. ಹೊರಮೈ ಮೊದಲು ಗಟ್ಟಿಯಾಗಿ ಒಡಲು ಕೊನೆಗೆ ಆರುವುದರಿಂದ ನಡುವೆ ಸಣ್ಣ ಪೊಳ್ಳುಗಳು ಉಳಿಯುವ ಅಪಾಯವಿದೆ. ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಉಕ್ಕನ್ನು ಪ್ರೆಸ್‌ನಡಿ ಒತ್ತಿದಾಗ ಅವು ಮುಚ್ಚಿ ಬೆಸೆದುಕೊಳ್ಳುತ್ತವೆ. ಜೊತೆಗೆ ಉಕ್ಕಿನೊಳಗಿನ ಎಳೆಗಳು ಭಾಗದ ಆಕಾರವನ್ನೇ ಹಿಡಿದು ಹರಿಯುತ್ತವೆ. ತುಂಡನ್ನು ಸೀಳಿ, ತೀಡಿ, ಆಮ್ಲದಲ್ಲಿ ಅದ್ದಿದರೆ ಈ ಎಳೆಗಳು ಕಣ್ಣಿಗೇ ಕಾಣುತ್ತವೆ.

ಗುದ್ದಲಿಗೆ ಕಾವು ಹಾಕುವ ಬಡಗಿ ಎಳೆ ಉದ್ದಕ್ಕೆ ಓಡಿದ ಮರವನ್ನೇ ಆರಿಸುತ್ತಾನೆ. ಉಕ್ಕಿಗೂ ಅದೇ ನ್ಯಾಯ. ರೋಲಿಂಗ್ ಮಾಡಿದ ಸರಳಿನಲ್ಲಿ ಎಳೆ ಉದ್ದಕ್ಕೇ ಇರುತ್ತದೆ, ಹಾಗಾಗಿ ಪಿನ್ನಿಗೆ ತೊಂದರೆಯಿಲ್ಲ. ದಪ್ಪ ಸರಳನ್ನು ಕಡೆದು ಫ್ಲ್ಯಾಂಜ್ ಬಿಡಿಸಿದಾಗ ಮಾತ್ರ ಎಳೆಗಳು ತಿರುವಿನಲ್ಲಿ ಬಾಗದೆ ಕತ್ತರಿಸಿ ಹೋಗುತ್ತವೆ. ಹೆಚ್ಚಿನ ಒತ್ತಡ ಬೀಳುವುದೂ ಅಲ್ಲೇ.

ಸಂಡೂರು ಕಡೆಯ ವರ್ಕ್‌ಶಾಪ್ ಒಂದರಲ್ಲಿ ಹಾಗೆ ಮುರಿದ ಶಾಫ್ಟನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕೆರೆಯ ನೀರು ಇಳಿದಂತೆಲ್ಲ ದಡದಲ್ಲಿ ಉಳಿಯುವ ಗೆರೆಗಳ ಹಾಗೆ, ಮುರಿದ ಮುಖದ ಒಂದು ಅಂಚಿನಿಂದ ಕಮಾನು ಗೆರೆಗಳು ನುಣ್ಣಗೆ ಹರಡಿದ್ದವು. ಮುಕ್ಕಾಲು ಪಾಲು ಹಾಗೆ, ಉಳಿದ ಕಾಲು ಪಾಲು ಒರಟು. ಬಿರುಕು ಬಹುಕಾಲ ಸದ್ದಿಲ್ಲದೆ ಬೆಳೆದಿತ್ತು, ಕೊನೆಯ ಹೊರೆಗೆ ಉಳಿದದ್ದು ತುಂಡಾಗಿತ್ತು. ಬೈಗುಳ ತಿಂದವನು ಅಂದಿನ ಪಾಳಿಯ ಚಾಲಕ. ಅವನ ತಪ್ಪೇನೂ ಇರಲಿಲ್ಲ.

ಹಾಗೆಂದು ಎರಕವನ್ನು ಕೀಳು ಎನ್ನಲಾರೆ. ಕ್ರಷರ್‌ನ ಒಳಪದರಕ್ಕೆ ಸುಮಾರು ಶೇ 12ರಷ್ಟು ಮ್ಯಾಂಗನೀಸ್ ಇರುವ ಎರಕದ ಉಕ್ಕೇ ಸರಿ. ಕಲ್ಲಿನ ಏಟು ಬಿದ್ದಷ್ಟೂ ಅದರ ಮೈ ಗಡಸಾಗುತ್ತದೆ. ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಉಕ್ಕು ಅದು.

ಶಾಫ್ಟ್‌ಗೆ ಮಾತ್ರ ಬಡಿದಷ್ಟಕ್ಕೇ ಗಡಸುತನ ಬರುವುದಿಲ್ಲ. ಕಮ್ಮಾರರು ಕುಡುಗೋಲಿಗೆ ಹದ ಹಾಕುವಂತೆ, ಕಾಯಿಸಿ ತಣಿಸಿ, ಮತ್ತೆ ಅಳತೆಯ ಶಾಖ ಕೊಡಬೇಕು. ಆದ್ದರಿಂದ ಬದಲಿ ಭಾಗ ಕೊಳ್ಳುವಾಗ ಉಕ್ಕಿನ ದರ್ಜೆ, ಹೀಟ್ ಟ್ರೀಟ್‌ಮೆಂಟ್ ದಾಖಲೆ, ಒಳಗಿನ ಪೊಳ್ಳು, ಬಿರುಕು ಹುಡುಕುವ ಅಲ್ಟ್ರಾಸಾನಿಕ್ ಪರೀಕ್ಷೆಯ ವರದಿ ಮೂರನ್ನೂ ಕೇಳಿ ಪಡೆಯಿರಿ. ಫ್ಲ್ಯಾಂಜನ್ನು ಒತ್ತಿ ಮಾಡಿದ್ದೋ, ಸರಳಿನಿಂದ ಕಡೆದದ್ದೋ ಎಂಬುದನ್ನು ಬರವಣಿಗೆಯಲ್ಲೇ ಬರೆಸಿಕೊಳ್ಳಿ.